ಮತ್ತೆ ಬಲಿಪೂಜೆಗೆ (ಚರ್ಚಿನ ಮಾಸ್‌ಗೆ) ಬರುವವರಿಗೆ

2021ರ ಅಕ್ಟೋಬರ್ 7ರಂದು ಕೋವಿಡ್‌ನಿಂದ ಮುಚ್ಚಿದ್ದ ಮಹಾರಾಷ್ಟ್ರದ ಪೂಜಾಸ್ಥಳಗಳು ಎರಡನೇ ಸಲ ತೆರೆದಾಗ, ಮುಂಬೈಯ ನಮ್ಮ ಚರ್ಚಿನ ಬಾಗಿಲಲ್ಲಿ ನಿಲ್ಲುವ ಕೆಲಸ ನನ್ನದಾಗಿತ್ತು. ಆಗ ಕಲಿತದ್ದನ್ನು ಹೇಳುತ್ತೇನೆ.

ಮೊಬೈಲಿನಲ್ಲಿ ಪೂಜೆ ನೋಡುತ್ತ ಚಹಾ ಕುಡಿಯುವ ಅಭ್ಯಾಸವಾಗಿದ್ದರೆ ಬಿಡಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಬೇರೇನೂ ಸಲ್ಲದು. ವಯಸ್ಸಾದವರಿಗೆ, ಕಾಯಿಲೆಯವರಿಗೆ ವಿನಾಯಿತಿಯಿದೆ.

ಸ್ಯಾನಿಟೈಸರ್ ಹಚ್ಚಿದ್ದರೆ ಅಂಗೈ ಪೂರ್ತಿ ಒಣಗಲಿ. ಒದ್ದೆ ಕೈಗೆ ಪ್ರಸಾದ ಅಂಟುತ್ತದೆ. ಬಲಗೈ ಮೇಲೆ ಎಡಗೈ ಇಟ್ಟು ಸ್ವೀಕರಿಸಿ, ಪಕ್ಕಕ್ಕೆ ಸರಿದು, ಮಾಸ್ಕ್ ಇದ್ದರೆ ಇಳಿಸಿ, ಬಲಗೈಯಿಂದ ಅಲ್ಲೇ ಸೇವಿಸಿ. ಬೆಂಚಿಗೆ ಒಯ್ಯಲೇಬೇಡಿ. ನಾಲಿಗೆಯ ಮೇಲೆ ಸ್ವೀಕರಿಸಿಯೇ ಬೆಳೆದ ನಮ್ಮ ಅತ್ತೆಗೆ ಆಗ ಇದು ತುಂಬ ಸಂಕಟವಾಯಿತು. ಕೈಯನ್ನೇ ಸಿಂಹಾಸನ ಮಾಡಿ ಸ್ವೀಕರಿಸುವ ಬೋಧನೆ 4ನೇ ಶತಮಾನದ ಜೆರುಸಲೇಮಿನ ಸಂತ ಸಿರಿಲರದು ಎಂದು ನಾನು ಅವರಿಗೆ ಹೇಳಿದೆ. ಎರಡು ದಿನ ಮನೆಯಲ್ಲೇ ಕೈಯೊಡ್ಡಿ ಅಭ್ಯಾಸ ಮಾಡಿದರು.

ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರಲು ನಮಸ್ಕಾರ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಮೊದಲ ಸಲ ಒಬ್ಬರೇ ಬರುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿ. ಗೇಟಿನ ಬಳಿ ಕಾಯಿರಿ, ಕನ್ನಡದಲ್ಲೇ ಮಾತಾಡಿಸಿ. ಅವರಿಬ್ಬರೂ ಕೂರುತ್ತಿದ್ದ ಬೆಂಚಿನ ತನಕ ಜೊತೆಗೆ ನಡೆಯಿರಿ, ಅಲ್ಲೇ ಸ್ವಲ್ಪ ಅಂತರದಲ್ಲಿ ನೀವೂ ಕುಳಿತುಕೊಳ್ಳಿ.