ಹಳೆಯ ಕಾರಿನ ಎ.ಸಿ. ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್ ಮಧ್ಯಾಹ್ನ ಅಣ್ಣಿಗೇರಿ ದಾಟಿ ಗದಗದ ಕಡೆ ಹೊರಟಾಗ, ಹದಿನೈದು ವರ್ಷ ಓಡಿದ ಕಾರಿನ ಎ.ಸಿ. ಬಿಸಿಗಾಳಿ ಉಗುಳತೊಡಗಿದರೆ, ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಹೋಗೇತ್ರೀ, ತುಂಬಸಬೇಕು’ ಎಂಬುದೇ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎ.ಸಿ.ಯ ಗ್ಯಾಸು ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಆವಿಯಾಗುತ್ತ, ಮತ್ತೆ ದ್ರವವಾಗುತ್ತ ಸುತ್ತುತ್ತಿರುತ್ತದೆ. ರಬ್ಬರ್ ಹೋಸುಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದನ್ನು ಬಿಟ್ಟರೆ, ಗ್ಯಾಸು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಒಂದೇ ಬೇಸಿಗೆಯಲ್ಲಿ ಎರಡು ಸಲ ಗ್ಯಾಸು ತುಂಬಿಸಿ ಹಣ ಕಳೆದುಕೊಂಡ ಮೇಲೆ ನಾನು ಕಲಿತ ಕ್ರಮ ಇದು.

ಮೊದಲು ತೊಂದರೆ ಗಾಳಿಯದೋ ತಂಪಿನದೋ ಎಂದು ಬೇರ್ಪಡಿಸಿಕೊಳ್ಳಬೇಕು. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಬದಲಿಸಲು ಹತ್ತು ನಿಮಿಷ ಸಾಕು. ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಮುಂದಿನ ಪ್ರಶ್ನೆ: ಹೆದ್ದಾರಿಯಲ್ಲಿ ತಣ್ಣಗಿದ್ದು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆಚ್ಚಗಾಗುತ್ತದೆಯೇ? ಹಾಗಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಮತ್ತು ಅದರ ಫ್ಯಾನಿನ ಕಡೆಗೆ.

ನಮ್ಮ ಭಾಗದಲ್ಲಿ ಇದೇ ದೊಡ್ಡ ಕಾಯಿಲೆ ಎಂಬುದು ನನ್ನ ಅಭಿಪ್ರಾಯ. ನನ್ನ ಕಾರಿನ ಮುಂಭಾಗದ ಜಾಲರಿ ಬಿಚ್ಚಿಸಿದಾಗ, ಕಂಡೆನ್ಸರಿನ ಅಲ್ಯೂಮಿನಿಯಂ ಎಲೆಗಳ ನಡುವೆ ಎರೆಮಣ್ಣಿನ ಧೂಳು ಮಳೆನೀರಿಗೆ ಕಲಸಿ ಒಣಗಿ, ಅದರಲ್ಲಿ ಹತ್ತಿಯ ಎಳೆಗಳೂ ಹುಳುಗಳ ರೆಕ್ಕೆಗಳೂ ಅಂಟಿ, ಗೋಡೆಗೆ ಗಿಲಾವು ಮಾಡಿದಂತೆ ಕಂಡಿತು. ಶಾಖವನ್ನು ಹೊರಗೆ ಚೆಲ್ಲಬೇಕಾದ ಜಾಗ ಅದು. ಅಲ್ಲಿ ಗಾಳಿ ಆಡದಿದ್ದರೆ ಎಷ್ಟು ಗ್ಯಾಸು ತುಂಬಿಸಿಯೂ ಫಲವಿಲ್ಲ. ಎಂಜಿನ್ ಆರಿಸಿ, ಪೂರ್ತಿ ತಣಿದ ಮೇಲೆ, ಸಾಧ್ಯವಾದಷ್ಟು ಒಳಗಿನಿಂದ ಹೊರಕ್ಕೆ ಸಾಧಾರಣ ಪೈಪಿನ ನೀರು ಹಾಯಿಸಿ ತೊಳೆಯಬೇಕು. ವಾಟರ್ ಸರ್ವಿಸ್‌ನ ಒತ್ತಡದ ಗನ್ನನ್ನು ಹತ್ತಿರ ಹಿಡಿದರೆ ಎಲೆಗಳು ಮಡಚಿಕೊಂಡು ದಾರಿ ಇನ್ನಷ್ಟು ಮುಚ್ಚುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಿ. ಕೈ ಮಾತ್ರ ದೂರವಿರಲಿ.

ಇದಾದ ಮೇಲೆ, ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುವ ಕಂಪ್ರೆಸರ್. ಒಬ್ಬರು ಒಳಗೆ ಕುಳಿತು ಎ.ಸಿ. ಒತ್ತಿದಾಗ, ಬಾನೆಟ್ ಎತ್ತಿ ನಿಂತವರಿಗೆ ‘ಟಕ್’ ಎಂಬ ಸದ್ದು ಕೇಳಿ, ಪುಲ್ಲಿಯ ಮುಂದಿನ ತಟ್ಟೆಯೂ ಅದರೊಡನೆ ತಿರುಗಬೇಕು. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಅದೇ ನಮೂನೆಯ ಬೇರೆ ರಿಲೇ (ವಿದ್ಯುತ್ತಿನಿಂದ ನಡೆಯುವ ಚಿಕ್ಕ ಸ್ವಿಚ್) ಹಾಕಿ ಪರೀಕ್ಷಿಸಿ, ನಂತರ ಆ ತಟ್ಟೆಯನ್ನು ಪುಲ್ಲಿಗೆ ಸೆಳೆದು ಹಿಡಿಸುವ ಕಂಪ್ರೆಸರ್ ಕ್ಲಚ್‌ನ ತಂತಿಯಲ್ಲಿ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ವೋಲ್ಟೇಜ್ ಬಂದೂ ತಟ್ಟೆ ಹಿಡಿಯದಿದ್ದರೆ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಸವೆದ ತಟ್ಟೆಯ ಅಂತರ ಹೆಚ್ಚಿರಬಹುದು. ಬೆಳಿಗ್ಗೆ ಸರಿಯಾಗಿದ್ದು ಎಂಜಿನ್ ಕಾದ ಮೇಲೆ ಕೈಕೊಡುವ ಎ.ಸಿ.ಗಳಲ್ಲಿ ಈ ಅಂತರದ ದೋಷ ಸಾಮಾನ್ಯ. ಅದು ಬಹುತೇಕ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ತೆಳುವಾದ ವಾಷರ್ ಒಂದನ್ನು ತೆಗೆದರೆ ಸರಿಹೋಗುವ ಈ ಕೆಲಸಕ್ಕೆ ಇಡೀ ಕಂಪ್ರೆಸರ್ ಬದಲಿಸಿದವರನ್ನು ನಾನು ಬಲ್ಲೆ. ವೋಲ್ಟೇಜೇ ಬಾರದಿದ್ದರೆ, ಗ್ಯಾಸು ಕಡಿಮೆಯಾಗಿದೆಯೆಂದು ಪ್ರೆಷರ್ ಸ್ವಿಚ್ ತಡೆಹಿಡಿದಿರಬಹುದು. ಆ ಸ್ವಿಚ್ಚಿಗೆ ತಂತಿ ಸುತ್ತಿ ಓಡಿಸುವ ಉಪಾಯಕ್ಕೆ ಒಪ್ಪಬೇಡಿ: ಕಂಪ್ರೆಸರಿನ ಎಣ್ಣೆ ಗ್ಯಾಸಿನೊಡನೆಯೇ ಸುತ್ತುವುದರಿಂದ, ಗ್ಯಾಸಿಲ್ಲದೆ ಓಡಿದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಸೋರಿಕೆ ಹುಡುಕಲು ನಮ್ಮ ಧೂಳೇ ನೆರವಿಗೆ ಬರುತ್ತದೆ. ಗ್ಯಾಸು ಸೋರುವ ಕಡೆ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಹಿಡಿದು ಕಪ್ಪು ಕಲೆ ಮೂಡಿರುತ್ತದೆ. ಕೊಳವೆಗಳ ಜಾಯಿಂಟು, ಕಂಪ್ರೆಸರಿನ ಮುಂಭಾಗ, ಗ್ಯಾಸು ತುಂಬುವ ವಾಲ್ವುಗಳನ್ನು ಹೀಗೆ ನೋಡಿ, ಅನುಮಾನ ಬಂದಲ್ಲಿ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಗಮನಿಸಿ.

ಗ್ಯಾಸಿನ ಒತ್ತಡ ಅಳೆಯುವ ಗೇಜಿನ ಕೆಲಸ ಮೆಕ್ಯಾನಿಕರದು. ಆದರೂ ಪಕ್ಕದಲ್ಲಿ ನಿಂತು ಓದಲು ಕಲಿಯುವುದು ಲೇಸು. ಆರ್-134ಎ ಗ್ಯಾಸಿನ ಕಾರು ಚಾಲೂ ಇದ್ದಾಗ ಕಡಿಮೆ ಒತ್ತಡದ ಕಡೆ ಸುಮಾರು 25ರಿಂದ 45 ಪಿ.ಎಸ್.ಐ. ಇರುತ್ತದೆ, ಹೆಚ್ಚು ಒತ್ತಡದ ಕಡೆಯ ಅಂಕಿ ಹೊರಗಿನ ಬಿಸಿಲಿನೊಡನೆ ಏರುತ್ತದೆ. ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸು ಕಡಿಮೆ. ಎರಡೂ ಮೇಲಿದ್ದರೆ ಕಂಡೆನ್ಸರ್ ಬಿಸಿಯೇರುತ್ತಿದೆ ಅಥವಾ ಗ್ಯಾಸು ಹೆಚ್ಚಾಗಿದೆ. ಕಡಿಮೆಯಿರಬೇಕಾದದ್ದು ಏರಿ, ಏರಬೇಕಾದದ್ದು ಇಳಿದಿದ್ದರೆ ಕಂಪ್ರೆಸರ್ ಸೋತಿದೆ.

ಸೋರಿಕೆ ಮುಚ್ಚಿಸಿದ ನಂತರವೇ ಗ್ಯಾಸಿನ ಮಾತು. ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು, ಅಂದರೆ ಕೊಳವೆಗಳೊಳಗಿನ ಗಾಳಿಯನ್ನು ಪಂಪಿನಿಂದ ಹೊರತೆಗೆಸಿ, ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲುಗದಿರುವುದನ್ನು ಕಣ್ಣಾರೆ ನೋಡಿ. ಬಾನೆಟ್ಟಿನೊಳಗಿನ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟೇ ತುಂಬುವಂತೆ ಹೇಳಿ, ಬಿಲ್ಲಿನಲ್ಲಿಯೂ ಆ ಗ್ರಾಂ ಲೆಕ್ಕವನ್ನು ಬರೆಸಿಕೊಳ್ಳಿ.