ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ: ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ ದರ, ತೂಕ, ದಿನಾಂಕ

ಮನೆ ಹತ್ತಿರದ ಸೂಪರ್‌ಮಾರ್ಕೆಟ್ ಬಗ್ಗೆ ಜನ ಹೇಳುವ ದೂರುಗಳು ಎಲ್ಲ ಬಡಾವಣೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಶೆಲ್ಫಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು. ಬೋರ್ಡ್ ನೋಡಿ ತೆಗೆದುಕೊಂಡರೆ ಆಫರ್ ಬಿದ್ದಿಲ್ಲ. ಮನೆಗೆ ತಂದು ತೂಗಿದರೆ ಬೇಳೆ ಕಡಿಮೆ. ರವೆಯಲ್ಲಿ ಹುಳು. ಕೇಳಿದರೆ ‘ಸಿಸ್ಟಮ್ಮಲ್ಲಿ ಹಾಗೇ ಬರುತ್ತೆ ಮೇಡಂ’ ಅನ್ನುವ ಉತ್ತರ. ಸಿಸ್ಟಮ್ಮಲ್ಲಿ ಹಾಗೆ ಬರುವುದಕ್ಕೆ ಪ್ರತಿ ಸಲವೂ ಒಂದು ಕಾರಣ ಇರುತ್ತದೆ. ಅದು ಗೊತ್ತಿದ್ದರೆ ಯಾವ ತಪ್ಪನ್ನು ಎಲ್ಲಿ ಹಿಡಿಯಬೇಕು ಅನ್ನುವುದೂ ಗೊತ್ತಾಗುತ್ತದೆ. ದುಡ್ಡು ಕೊಡುವ ಮುಂಚೆ ಎರಡು ನಿಮಿಷದಲ್ಲಿ ಸರಿಯಾಗುವ ಕೆಲಸ, ಮನೆಗೆ ಹೋಗಿ ಮರಳಿ ಬಂದರೆ ಅರ್ಧ ದಿನ ಹಿಡಿಯುತ್ತದೆ.

ಬಾರ್‌ಕೋಡ್ ಒಂದೇ, ಎಂಆರ್‌ಪಿ ಎರಡು

ಸೋಪು, ಟೂತ್‌ಪೇಸ್ಟ್, ಕಾಫಿಪುಡಿ ಬೆಲೆ ಏರಿದಾಗ ಕಂಪನಿಗಳು ಪ್ಯಾಕೆಟ್ ಮೇಲಿನ ಎಂಆರ್‌ಪಿ ಬದಲಿಸುತ್ತವೆ, ಬಾರ್‌ಕೋಡನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಹಳೇ ಸ್ಟಾಕು 95 ರೂಪಾಯಿ, ಹೊಸದು 104 ರೂಪಾಯಿ ಅಂದುಕೊಳ್ಳಿ. ಎರಡರ ಮೇಲೂ 890ರಿಂದ ಶುರುವಾಗುವ ಅದೇ 13 ಅಂಕಿ ಇರುತ್ತವೆ. ಸ್ಕ್ಯಾನ್ ಮಾಡಿದ ಕೂಡಲೇ ಬಿಲ್ಲಿಂಗ್ ಪರದೆಯಲ್ಲಿ ಸಣ್ಣ ಪಟ್ಟಿಯೊಂದು ತೆರೆದು ಎರಡೂ ಎಂಆರ್‌ಪಿ ತೋರಿಸುತ್ತದೆ. ಕ್ಯಾಷಿಯರ್ ಪ್ಯಾಕೆಟ್ ತಿರುಗಿಸಿ ನೋಡಿ ಸರಿಯಾದದ್ದನ್ನು ಆರಿಸಬೇಕು. ಸಂಜೆ ಏಳು ಗಂಟೆಯ ಸಾಲಿನಲ್ಲಿ ಅಷ್ಟು ವ್ಯವಧಾನ ಇರುವುದಿಲ್ಲ. ಎಂಟರ್ ಒತ್ತುತ್ತಾರೆ, ಪಟ್ಟಿಯಲ್ಲಿ ಮೇಲೆ ಇರುವ ದರ ಬಿಲ್ಲಾಗುತ್ತದೆ. ಅದು ಹೊಸ ದರವಾಗಿದ್ದರೆ 95 ರೂಪಾಯಿಯ ಪ್ಯಾಕೆಟ್ಟಿಗೆ 104 ಕೊಟ್ಟು ಬರುತ್ತೀರಿ.

ಬಹಳಷ್ಟು ಅಂಗಡಿಗಳ ಬಿಲ್ಲಿನಲ್ಲಿ ಎಂಆರ್‌ಪಿಗೆ ಒಂದು ಕಾಲಂ, ದರಕ್ಕೆ ಇನ್ನೊಂದು ಕಾಲಂ ಇರುತ್ತದೆ. ಎಲ್ಲರೂ ನೋಡುವುದು ದರದ ಕಾಲಂ. ಪ್ಯಾಕೆಟ್ ಜೊತೆ ತಾಳೆ ಹಾಕಬೇಕಾದದ್ದು ಎಂಆರ್‌ಪಿ ಕಾಲಂ. ಅಲ್ಲಿ ವ್ಯತ್ಯಾಸ ಕಂಡರೆ ಇದೇ ತಪ್ಪು ಆಗಿರುತ್ತದೆ. ‘ಹಳೇ ಎಂಆರ್‌ಪಿ ಪ್ಯಾಕೆಟ್ ಇದು, 95ರದ್ದು ಸೆಲೆಕ್ಟ್ ಮಾಡಿ’ ಎಂದರೆ ಸಾಕು, ಕ್ಯಾಷಿಯರ್‌ಗೆ ಕೂಡಲೇ ಅರ್ಥವಾಗುತ್ತದೆ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಅದರ ಮೇಲೆ ಜಿಎಸ್‌ಟಿ ಎಂದಾಗಲಿ, ತಣ್ಣನೆ ಬಾಟಲಿಗೆ ‘ಕೂಲಿಂಗ್ ಚಾರ್ಜ್’ ಎಂದಾಗಲಿ ಒಂದು ರೂಪಾಯಿ ಸೇರಿಸಿದರೂ 2011ರ ಪೊಟ್ಟಣ ಸರಕು ನಿಯಮಗಳ ಉಲ್ಲಂಘನೆ. ಮುದ್ರಿತ ಎಂಆರ್‌ಪಿ ಮೇಲೆ ಹೆಚ್ಚಿನ ದರದ ಸ್ಟಿಕ್ಕರ್ ಅಂಟಿಸುವಂತಿಲ್ಲ. ದರ ಇಳಿಸಲು ಸ್ಟಿಕ್ಕರ್ ಹಾಕಬಹುದು, ಆಗಲೂ ಹಳೆಯ ಎಂಆರ್‌ಪಿ ಮುಚ್ಚಿಹೋಗಬಾರದು. ಸ್ಟಿಕ್ಕರ್ ಮೇಲೆ ಬೆರಳಾಡಿಸಿ, ಅಂಚು ಎತ್ತಿ ನೋಡಿ. ಕೆಳಗೆ ಕಡಿಮೆ ದರ ಕಂಡರೆ ಕೊಳ್ಳದೆಯೇ ಫೋಟೋ ತೆಗೆದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಸೇರಿ 118 ರೂಪಾಯಿ ಇದ್ದದ್ದು ಲೆಕ್ಕಕ್ಕೆ 105 ಆಗಬೇಕು. ಅದಕ್ಕೂ ಹಿಂದಿನ ತಯಾರಿಕೆಯ ಪ್ಯಾಕೆಟ್ ಸಿಕ್ಕರೆ ಯಾವ ದರಕ್ಕೆ ಬಿಲ್ ಆಗಿದೆ ಅನ್ನುವುದನ್ನು ಖಂಡಿತ ಗಮನಿಸಿ.

ಶೆಲ್ಫಿನ ಚೀಟಿ ಬೇರೆ ವಿಷಯ. ಚೀಟಿಯಲ್ಲಿ 88, ಬಿಲ್ಲಿನಲ್ಲಿ 95, ಎಂಆರ್‌ಪಿಯೂ 95 ಎಂದಾದರೆ ಅದು ಎಂಆರ್‌ಪಿ ಉಲ್ಲಂಘನೆಯಲ್ಲ, ತಪ್ಪು ದರ ತೋರಿಸಿದ ದೂರು. ಮೊದಲು ಆ ಚೀಟಿ ನಿಮ್ಮ ಸರಕಿನದೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ಜೋಡಿಸುವಾಗ ಸರಕು ಅತ್ತಿತ್ತ ಸರಿದು 200 ಗ್ರಾಮಿನ ಚೀಟಿಯ ಮುಂದೆ 250 ಗ್ರಾಮಿನ ಪ್ಯಾಕೆಟ್ ಬಂದಿರುತ್ತದೆ. ಹಲವು ಅಂಗಡಿಗಳ ಚೀಟಿಯಲ್ಲಿ ದರದ ಕೆಳಗೆ ಸಣ್ಣಕ್ಷರದಲ್ಲಿ ಬಾರ್‌ಕೋಡ್ ಅಂಕಿಗಳಿರುತ್ತವೆ. ಅವುಗಳಲ್ಲಿ ಕೊನೆಯ ನಾಲ್ಕು, ಪ್ಯಾಕೆಟ್ಟಿನ ಕೊನೆಯ ನಾಲ್ಕು ಒಂದೇ ಆಗಿದ್ದರೆ ಚೀಟಿ ಸರಿ. ಚೀಟಿ, ಪ್ಯಾಕೆಟ್ ಎರಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆದುಕೊಂಡು ಕೌಂಟರಿಗೆ ಹೋಗಿ.

ಆಫರ್‌ಗಳ ಗೊಂದಲಕ್ಕೂ ಬಾರ್‌ಕೋಡೇ ಮೂಲ. ಆಫರನ್ನು ಸಿಸ್ಟಮ್ಮಿಗೆ ಹಾಕುವಾಗ ಇಂತಿಂಥ ಬಾರ್‌ಕೋಡಿಗೆ ಎಂದು ಹಾಕಿರುತ್ತಾರೆ. ಬೋರ್ಡಿನಲ್ಲಿ ಬ್ರ್ಯಾಂಡ್ ಹೆಸರು ದೊಡ್ಡದಾಗಿ ಕಂಡರೂ ನಿಂಬೆ ಪರಿಮಳದ ಬಾಟಲಿಗೆ ಆಫರ್ ಇದ್ದು, ಗುಲಾಬಿಯದಕ್ಕೆ ಇಲ್ಲದಿರಬಹುದು. ಆಫರ್ ಅವಧಿ ಸಿಸ್ಟಮ್ಮಿನಲ್ಲಿ ರಾತ್ರಿ ಮುಗಿದಿರುತ್ತದೆ, ಬೋರ್ಡ್ ತೆಗೆಯುವುದು ಮರುದಿನ ಹನ್ನೊಂದಕ್ಕೆ. ‘ಒಂದು ಕೊಂಡರೆ ಒಂದು ಉಚಿತ’ ಇದ್ದಾಗ ಎರಡನ್ನೂ ಸ್ಕ್ಯಾನ್ ಮಾಡಿಸಲೇಬೇಕು. ಒಂದನ್ನಷ್ಟೇ ಮಾಡಿದರೆ ರಿಯಾಯಿತಿ ಬೀಳುವುದಿಲ್ಲ. ಎಷ್ಟೋ ಕಡೆ ಈ ರಿಯಾಯಿತಿ ಬಿಲ್ಲಿನ ತುದಿಯಲ್ಲಿ, ಒಟ್ಟು ಹಾಕಿದ ಮೇಲೆ ಕಳೆಯುತ್ತದೆ. ಹಾಗಾಗಿ ನಡುವೆ ಪರದೆಯಲ್ಲಿ ಪೂರ್ತಿ ದರ ಕಂಡರೆ ಗಾಬರಿ ಬೇಡ. ಒಟ್ಟು ಬಂದ ಮೇಲೆ, ಯುಪಿಐ ಸ್ಕ್ಯಾನ್ ಮಾಡುವ ಮುಂಚೆ ಕೇಳಿ.

ತೂಕ

ತರಕಾರಿ ಕೌಂಟರಿನ ಎಲೆಕ್ಟ್ರಾನಿಕ್ ತಕ್ಕಡಿಯ ಮುಂಭಾಗದಲ್ಲಿ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಅದನ್ನು ಒಮ್ಮೆ ಬಗ್ಗಿ ಓದಿ. ‘ಮ್ಯಾಕ್ಸ್ 30 ಕೆಜಿ, ಮಿನ್ 100 ಗ್ರಾಂ, ಇ 5 ಗ್ರಾಂ’ ಎಂದು ಬರೆದಿದ್ದರೆ ಆ ತಕ್ಕಡಿ 5 ಗ್ರಾಮಿನ ಹೆಜ್ಜೆಯಲ್ಲಿ ಏರುತ್ತದೆ, 100 ಗ್ರಾಮಿಗಿಂತ ಕಡಿಮೆ ತೂಗಲು ಅದು ಮಾಡಿದ್ದಲ್ಲ ಎಂದರ್ಥ. ಕೊತ್ತಂಬರಿಗೆ, ಹಸಿಮೆಣಸಿನಕಾಯಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಏಲಕ್ಕಿಗೆ ಇದೆ. ಕೆಜಿಗೆ 3,000 ರೂಪಾಯಿ ಎಂದರೂ ಒಂದೇ ಹೆಜ್ಜೆಯ ಏರುಪೇರಿಗೆ 15 ರೂಪಾಯಿ. ಏಲಕ್ಕಿ, ಲವಂಗ, ಕೇಸರಿಯನ್ನು ಇಂಥ ತಕ್ಕಡಿಯಲ್ಲಿ ತೂಗಿಸಬೇಡಿ, ಸೀಲ್ ಆದ ಪ್ಯಾಕೆಟ್ಟನ್ನೇ ಕೊಳ್ಳಿ.

ತೂಗುವ ಮುಂಚೆ ಪರದೆ 0.000 ತೋರಿಸುತ್ತಿರಬೇಕು. ಡಬ್ಬಿಯಲ್ಲಿ ಹಾಕಿ ತೂಗುವುದಾದರೆ ಖಾಲಿ ಡಬ್ಬಿಯಿಟ್ಟು, ಅದರ ತೂಕ ಕಳೆಯುವ ‘ಟೇರ್’ ಗುಂಡಿ ಒತ್ತಿಸಿ. 20 ಗ್ರಾಮಿನ ಪ್ಲಾಸ್ಟಿಕ್ ಡಬ್ಬಿ ಕೆಜಿಗೆ 1,000 ರೂಪಾಯಿಯ ಗೋಡಂಬಿಯ ಜೊತೆ ತೂಗಿದರೆ ಡಬ್ಬಿಗೇ 20 ರೂಪಾಯಿ. ತೂಕದ ಸ್ಟಿಕ್ಕರ್ ಅಂಟಿಸಿದ ಮೇಲೆ ಅದರ ಮೇಲಿನ ಹೆಸರನ್ನೂ ಓದಿ. ತೂಗುವವರು ಸರಕಿನ ಕೋಡನ್ನು ಕೈಯಲ್ಲಿ ಒತ್ತುತ್ತಾರೆ. ಪಚ್ಚಬಾಳೆ ತೂಗಿ ಏಲಕ್ಕಿ ಬಾಳೆಯ ಕೋಡ್ ಒತ್ತಿದರೆ ತೂಕ ಸರಿಯಾಗಿಯೇ ಇರುತ್ತದೆ, ದರ ಮಾತ್ರ ಎರಡರಷ್ಟು ಆಗಿಬಿಡಬಹುದು. ಈ ತಪ್ಪು ಮುಂದೆ ಬಿಲ್ಲಿಂಗ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಸ್ಟಿಕ್ಕರನ್ನಷ್ಟೇ ಸ್ಕ್ಯಾನ್ ಮಾಡುತ್ತಾರೆ.

ಎಲೆಕ್ಟ್ರಾನಿಕ್ ತಕ್ಕಡಿಗೆ ತೂಕ, ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ, ಮುದ್ರೆ 12 ತಿಂಗಳಿಗೊಮ್ಮೆ ಆಗಬೇಕು. ಅದರ ಪ್ರಮಾಣಪತ್ರ ಗ್ರಾಹಕರಿಗೆ ಕಾಣುವಂತೆ ಇರಬೇಕು. ಕಾಣದಿದ್ದರೆ ಕೇಳಿ.

ಮನೆಯಲ್ಲಿ ತೂಗಿ ನೋಡುವವರು ಮೊದಲು ಮನೆಯ ತಕ್ಕಡಿಯನ್ನು ನೋಡಿಕೊಳ್ಳಬೇಕು. ಎರಡು ಬಣ್ಣದ 10 ರೂಪಾಯಿ ನಾಣ್ಯದ ತೂಕ 7.71 ಗ್ರಾಂ. 13 ನಾಣ್ಯ ಇಟ್ಟರೆ 100 ಗ್ರಾಂ ತೋರಿಸಬೇಕು, ಒಂದು ಗ್ರಾಂ ಆಚೀಚೆ ಆದರೆ ಪರವಾಗಿಲ್ಲ. ಆಮೇಲೆ ಬೇಳೆ, ಅಕ್ಕಿ, ಸಕ್ಕರೆಯಂಥ ಒಣ ಸರಕನ್ನೇ ತೂಗಿ. ಸೊಪ್ಪು, ಬೀನ್ಸ್ ತೂಗಿ ಅಂಗಡಿಯವರನ್ನು ದೂರುವುದು ಸರಿಯಲ್ಲ, ನೀರು ಚಿಮುಕಿಸಿದ ಸೊಪ್ಪು ಮನೆ ತಲುಪುವಷ್ಟರಲ್ಲಿ ತೂಕ ಕಳೆದುಕೊಂಡಿರುತ್ತದೆ. ಕಂಪನಿ ಪ್ಯಾಕ್ ಮಾಡಿದ ಒಂದು ಕೆಜಿ ಪ್ಯಾಕೆಟ್ಟಿನಲ್ಲಿ 15 ಗ್ರಾಂವರೆಗಿನ ಕೊರತೆಗೆ ನಿಯಮದಲ್ಲೇ ಅವಕಾಶವಿದೆ. ಅದಕ್ಕಿಂತ ಹೆಚ್ಚು ಕಡಿಮೆ ಬಂದರೆ, ಅದೂ ಎರಡು ಮೂರು ಪ್ಯಾಕೆಟ್ಟಿನಲ್ಲಿ ಬಂದರೆ, ದೂರು ಗಟ್ಟಿಯಾಗುತ್ತದೆ.

ಅಡುಗೆ ಎಣ್ಣೆಯಲ್ಲಿ ಆಗುವ ಮೋಸ ಕಣ್ಣಿನದು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅದೇ ಎತ್ತರದ, ಐದಾರು ರೂಪಾಯಿ ಅಗ್ಗದ ಪೌಚಿನ ಮೇಲೆ 850 ಗ್ರಾಂ ಎಂದಿರಬಹುದು. ಎಂಆರ್‌ಪಿ ಹತ್ತಿರವೇ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಇಷ್ಟು ಎಂದು ಸಣ್ಣದಾಗಿ ಮುದ್ರಿಸಿರುತ್ತಾರೆ. ಹೋಲಿಸಬೇಕಾದ್ದು ಅದನ್ನೇ. ದೊಡ್ಡ ಪ್ಯಾಕೇ ಅಗ್ಗ ಅನ್ನುವ ಲೆಕ್ಕ ಸೋಪಿನ ಪುಡಿಯಲ್ಲೂ ಬಿಸ್ಕತ್ತಿನಲ್ಲೂ ಎಷ್ಟೋ ಸಲ ತಪ್ಪಾಗುವುದು ಅಲ್ಲೇ ಕಾಣುತ್ತದೆ.

ದಿನಾಂಕ, ಹುಳು, ಫ್ರಿಜ್ಜು

ಹೊಸ ಸ್ಟಾಕು ಬಂದಾಗ ಹಳೆಯದನ್ನು ಮುಂದಕ್ಕೆ ತಂದು ಹೊಸದನ್ನು ಹಿಂದೆ ಇಡುವುದು ಅಂಗಡಿಯ ಪದ್ಧತಿ, ತಪ್ಪೇನಲ್ಲ. ನಿಮಗೆ ಹೊಸದು ಬೇಕಿದ್ದರೆ ಹಿಂದಿನ ಸಾಲಿಗೆ ಕೈ ಹಾಕಿ. ಎರಡು ಪ್ಯಾಕ್ ಸೇರಿಸಿ ಟೇಪ್ ಸುತ್ತಿದ ಆಫರ್ ಕಟ್ಟುಗಳಲ್ಲಿ ಎರಡರ ದಿನಾಂಕವನ್ನೂ ಬೇರೆ ಬೇರೆ ನೋಡಿ. ಒಂದು ಹೊಸದು, ಒಂದು ಮುಗಿಯಲು ಬಂದದ್ದು ಇರಬಹುದು.

ರವೆ, ಮೈದಾ, ಕಡಲೆಹಿಟ್ಟಿಗೆ ದಿನಾಂಕ ಒಂದನ್ನೇ ನಂಬಬೇಡಿ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಕೆಳಗಿನ ಎರಡು ಮೂಲೆ ನೋಡಿ. ರವೆಯ ಕಾಳುಗಳು ನೂಲಿಗೆ ಪೋಣಿಸಿದ ಹಾಗೆ ಅಂಟಿಕೊಂಡು ನೇತಾಡುತ್ತಿದ್ದರೆ ಒಳಗೆ ಹುಳು ಬಲೆ ಕಟ್ಟಿದೆ. ಕವರಿನ ಮೇಲೆ ಸೂಜಿಮೊನೆಯಷ್ಟು ತೂತು ಕಂಡರೂ ಬೇಡ. ಮನೆಗೆ ತಂದ ಮೇಲೆ ಹೊರಗಿನಿಂದಲೇ ಹುಳು ಕಂಡರೆ ಕತ್ತರಿಸಬೇಡಿ. ತೆರೆದ ಪ್ಯಾಕೆಟ್ ಒಯ್ದರೆ ‘ನಿಮ್ಮನೆ ಡಬ್ಬೀಲಿ ಇದ್ದ ಹುಳು’ ಅಂದುಬಿಡುತ್ತಾರೆ.

ರಾತ್ರಿ ಫ್ರೀಜರ್ ಆಫ್ ಮಾಡಿದ್ದರೆ ಅಥವಾ ಕರೆಂಟ್ ಹೋಗಿದ್ದರೆ ಸರಕೇ ಹೇಳುತ್ತದೆ. ಫ್ರೋಜನ್ ಬಟಾಣಿ ಪ್ಯಾಕೆಟ್ ಅಲ್ಲಾಡಿಸಿದರೆ ಕಾಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಗಡ್ಡೆ ಕಟ್ಟಿದ್ದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಐಸ್‌ಕ್ರೀಮ್ ಒಂದು ಕಡೆಗೆ ವಾಲಿ ಗಟ್ಟಿಯಾಗಿದ್ದರೂ ಅದೇ ಕಥೆ. ಪನೀರಿನ ಕವರ್ ಬಿಗಿಯಾಗಿ ಅಂಟಿಕೊಂಡಿರಬೇಕು, ಮೊಸರಿನ ಪೌಚ್ ಉಬ್ಬಿರಬಾರದು. ಪೆಟ್ಟಿಗೆ ಫ್ರೀಜರಿನ ಒಳಗೋಡೆಯಲ್ಲಿ ಒಂದು ಗೆರೆ ಇರುತ್ತದೆ. ಅದಕ್ಕಿಂತ ಮೇಲೆ ಪೇರಿಸಿದ ಸರಕಿಗೆ ಸಾಕಷ್ಟು ಚಳಿ ತಾಗುವುದಿಲ್ಲ, ಕೆಳಗಿನದನ್ನು ತೆಗೆದುಕೊಳ್ಳಿ. ಇವನ್ನೆಲ್ಲ ಬುಟ್ಟಿಗೆ ಹಾಕುವುದು ಕೊನೆಗೆ.

ಕೌಂಟರಿನಲ್ಲಿ

ಮೊಬೈಲ್ ನಂಬರ್ ಕೊಡಲೇಬೇಕೆಂದಿಲ್ಲ. ನಂಬರ್‌ಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ತಿಳಿಸಿದೆ. ‘ನಂಬರ್ ಇಲ್ಲದೆ ಬಿಲ್ ಮಾಡಿ, ಕಾಗದದ ಬಿಲ್ ಕೊಡಿ’ ಎನ್ನಿ. ಕೈಚೀಲದ ದುಡ್ಡನ್ನು ಮೊದಲೇ ತಿಳಿಸದೆ ಕೌಂಟರಿನಲ್ಲಿ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೂ ಚೀಲ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಚಿಲ್ಲರೆ ಬದಲು ಚಾಕಲೇಟ್ ಕೊಟ್ಟರೆ ಬೇಡ ಎನ್ನಬಹುದು. 10 ರೂಪಾಯಿ ನಾಣ್ಯದ ಎಲ್ಲ ವಿನ್ಯಾಸಗಳೂ ಚಲಾವಣೆಯಲ್ಲಿವೆ, ಅದನ್ನು ನಿರಾಕರಿಸಲು ಕಾರಣವಿಲ್ಲ.

ತಪ್ಪು ಕಂಡಾಗ ಕ್ಯಾಷಿಯರ್ ಮೇಲೆ ರೇಗಿ ಪ್ರಯೋಜನವಿಲ್ಲ. ಬಿಲ್ಲಾದ ಐಟಮ್ ತೆಗೆಯಲು ಎಷ್ಟೋ ಕಡೆ ಸೂಪರ್‌ವೈಸರ್ ಪಾಸ್‌ವರ್ಡ್ ಬೇಕು, ಕ್ಯಾಷಿಯರ್ ಕೈಯಲ್ಲಿ ಅದು ಇರುವುದಿಲ್ಲ. ‘ಸೂಪರ್‌ವೈಸರನ್ನ ಕರೀರಿ, ಈ ಐಟಮ್ ಕ್ಯಾನ್ಸಲ್ ಮಾಡಿ’ ಎಂದು ಕೇಳಿ, ಪಕ್ಕಕ್ಕೆ ನಿಂತುಕೊಳ್ಳಿ. ಹಿಂದಿನವರ ಬಿಲ್ ನಡೆಯಲಿ.

ಮನೆಗೆ ಬಂದ ಮೇಲೆ ಗೊತ್ತಾದರೆ

‘ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ್ದರೂ ದೋಷವಿರುವ ಸರಕಿಗೆ ಆ ಮಾತು ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಆ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ಅಂಥ ಸರಕನ್ನು ವಾಪಸ್ ಪಡೆದು ದುಡ್ಡು ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ‘ಕ್ರೆಡಿಟ್ ನೋಟ್ ಕೊಡ್ತೀವಿ’ (ಅಂದರೆ ಮುಂದಿನ ಖರೀದಿಯಲ್ಲಿ ಕಳೆದುಕೊಳ್ಳುವ ಚೀಟಿ) ಎಂದರೆ ದುಡ್ಡನ್ನೇ ಕೇಳಬಹುದು. ಬಣ್ಣ ಇಷ್ಟವಾಗಲಿಲ್ಲ, ಮನೆಯಲ್ಲಿ ಇನ್ನೊಂದಿತ್ತು ಅನ್ನುವುದು ದೋಷವಲ್ಲ, ಅದು ಅಂಗಡಿಯ ಮರ್ಜಿ.

ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಂಆರ್‌ಪಿ, ಸ್ಟಿಕ್ಕರ್, ತೂಕದ ದೂರಾದರೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಹುಳು, ಅವಧಿ ಮುಗಿದ ಆಹಾರದ್ದಾದರೆ ಆಹಾರ ಸುರಕ್ಷತಾ ಅಧಿಕಾರಿಗೂ ಬರೆದುಕೊಡಿ. ಬರವಣಿಗೆ ಚಿಕ್ಕದಾಗಿರಲಿ: ‘ಇಂಥ ದಿನಾಂಕ, ಇಂಥ ಅಂಗಡಿ, ಬಿಲ್ ಸಂಖ್ಯೆ ಇಂತಿಷ್ಟು. ಸರಕಿನ ಹೆಸರು, ನಿವ್ವಳ ತೂಕ, ಬ್ಯಾಚ್ ಸಂಖ್ಯೆ. ಪ್ಯಾಕೆಟ್ ಮೇಲಿನ ಎಂಆರ್‌ಪಿ 95, ಬಿಲ್ಲಿನಲ್ಲಿ 104. ಅಂಗಡಿಯಲ್ಲಿ ಇಂಥ ದಿನ ಕೇಳಿದಾಗ ನಿರಾಕರಿಸಿದರು. ಹೆಚ್ಚುವರಿ ಹಣ ವಾಪಸ್ ಕೊಡಿಸಿ, ಅಂಗಡಿಯನ್ನು ಪರಿಶೀಲಿಸಿ.’ ಅವಮಾನ, ಬೇಸರದ ವಿವರ ಇಲ್ಲಿ ಬೇಡ.

ಅಲ್ಲೂ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಬಿಲ್ಲನ್ನು ಮಾತ್ರ ಅದೇ ದಿನ ಫೋಟೋ ತೆಗೆದಿಡಿ. ಅದು ಥರ್ಮಲ್ ಕಾಗದ. ಬಿಸಿಲು ಬೀಳುವ ಕಿಟಕಿಯ ಹತ್ತಿರವೋ ಒಲೆ ಪಕ್ಕವೋ ಇಟ್ಟರೆ ಹಾಳಾಗುತ್ತದೆ, ಪರ್ಸಿನಲ್ಲಿ ಕೆಲವು ತಿಂಗಳು ಇದ್ದರೆ ಅಕ್ಷರ ಮಾಸುತ್ತದೆ. ಜೋಪಾನಕ್ಕೆಂದು ಮೇಲೆ ಅಂಟುಟೇಪ್ ಹಚ್ಚಬೇಡಿ, ಟೇಪಿನ ಅಂಟಿಗೇ ಅಂಕಿಗಳು ಅಳಿಸಿಹೋಗುತ್ತವೆ.