ಜರಡಿಯಲ್ಲಿ ಸಿಕ್ಕ ಹತ್ತಿಕಾಳು

ಹಳೆಯ ಊರುಗಳ ಮಣ್ಣಿನಿಂದ ಕಾಳು, ಹೊಟ್ಟು, ಓಟೆ ಹೆಕ್ಕಿ ಅಲ್ಲಿನವರು ಏನು ಬೆಳೆದರು, ಏನು ತಿಂದರು ಎಂದು ತಿಳಿಯುವುದು ನನ್ನ ಕೆಲಸ. ಮಳೆ ಬೀಳುವ ನಮ್ಮ ನಾಡಿನಲ್ಲಿ ಸುಟ್ಟು ಕರಿಯಾದ ಕಾಳಷ್ಟೇ ಉಳಿಯುತ್ತದೆ. ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಅದು ಮೇಲೆ ತೇಲಿ ಬರುತ್ತದೆ. ನಾನು ಕಲಿತದ್ದು ಅದನ್ನೇ.

ಈಜಿಪ್ಟಿನ ಪಶ್ಚಿಮ ಮರುಭೂಮಿಯ ದಾಖ್ಲಾ ಓಯಸಿಸ್‌ನಲ್ಲೂ, ರೋಮನ್ ಕಾಲದ ಒಂದು ಮನೆಯ ಮಣ್ಣನ್ನು ಮೊದಲ ದಿನ ಹಾಗೇ ನೀರಿಗೆ ಹಾಕಿದೆ. ಸುಮಾರು ಹದಿನೇಳು ಶತಮಾನ ಒಣಗಿಕೊಂಡೇ ಇದ್ದ ಅಂಜೂರದ ಬೀಜ, ಬಾರ್ಲಿಯ ಹೊಟ್ಟು ನೀರು ಹೀರಿ ಊದಿಕೊಂಡವು, ಆರಲು ಇಟ್ಟಾಗ ಬಿರಿದವು. ಒಂದು ಬುಟ್ಟಿ ಮಣ್ಣು ಹಾಳಾಯಿತು. ಅಗೆದ ಮಣ್ಣು ಮತ್ತೆ ಸಿಗುವುದಿಲ್ಲ. ಆ ನೋವು ಇನ್ನೂ ಇದೆ.

ಆಮೇಲೆ ನೀರು ಮುಟ್ಟಲಿಲ್ಲ. 4, 2, 1 ಮತ್ತು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗಳನ್ನು ಒಂದರ ಮೇಲೊಂದು ಇಟ್ಟು, ಉತ್ತರದ ಗಾಳಿಗೆ ಬೆನ್ನು ಕೊಟ್ಟು ಕೂತು, ಮೆಲ್ಲಗೆ ಆಡಿಸುತ್ತಿದ್ದೆ. ಮಣ್ಣನ್ನು ಎಲ್ಲಿಂದ ತೆಗೆಯಬೇಕು ಎನ್ನುವುದು ಇನ್ನೂ ಮುಖ್ಯ. ಮೇಲಿನ ಮರಳಿನಲ್ಲಿ ಇಲಿ, ಇರುವೆ ಹೊತ್ತು ತಂದ ಇಂದಿನ ಬೀಜವೂ ಬೆರೆತಿರುತ್ತದೆ. ಹಸಿ ಇಟ್ಟಿಗೆಯ ಕಮಾನು ಚಾವಣಿ ಕುಸಿದು ಮುಚ್ಚಿದ ನೆಲವನ್ನು ಮಾತ್ರ ನಾನು ನಂಬುತ್ತೇನೆ.

ಅಂಥ ನೆಲದಲ್ಲಿ, ಒಲೆಯ ಪಕ್ಕದ ಮೂಲೆಯ ಮಣ್ಣು ಜರಡಿಯಲ್ಲಿತ್ತು. ಆಲಿವ್ ಓಟೆ, ಖರ್ಜೂರದ ಬೀಜ, ಹಗ್ಗದ ನಾರು. ಅವುಗಳ ನಡುವೆ ಒಂದು ತುದಿ ಚೂಪಾದ, ಮೈಗೆ ಬೂದು ಜುಂಗು ಅಂಟಿದ ಕಾಳು. ಚಿಮಟದಲ್ಲಿ ಎತ್ತುವ ಮೊದಲೇ ಗುರುತು ಹಿಡಿದೆ: ಹತ್ತಿಕಾಳು. ಹಾವೇರಿ ಕಡೆ ಎಮ್ಮೆಗೆ ಹತ್ತಿಕಾಳು ನೆನೆಹಾಕುವ ಮನೆಯಲ್ಲಿ ಬೆಳೆದವಳು ನಾನು.

ಹತ್ತಿ ಬಟ್ಟೆಯ ತುಂಡು ಸಿಕ್ಕರೆ ಅದು ಎಲ್ಲಿಂದಲೋ ವ್ಯಾಪಾರಕ್ಕೆ ಬಂದಿರಬಹುದು. ಕಾಳು ಸಿಕ್ಕಿತೆಂದರೆ ಅರಳೆ ಬಿಡಿಸಿದ್ದು ಅಲ್ಲೇ, ಹೊಲವೂ ಹತ್ತಿರದಲ್ಲೇ ಇದ್ದಿರಬೇಕು. ಇದಕ್ಕೆ ಬರಹದ ಸಾಕ್ಷಿಯೂ ಇದೆ. ಇದೇ ಓಯಸಿಸ್‌ನ ಕೆಲ್ಲಿಸ್ ಎಂಬ ಊರಿನಲ್ಲಿ, ಮನೆಯೊಂದರಲ್ಲಿ, ಮರದ ಹಲಗೆಗಳನ್ನು ಪುಸ್ತಕದಂತೆ ಕಟ್ಟಿದ 4ನೇ ಶತಮಾನದ ಜಮೀನಿನ ಲೆಕ್ಕದ ಪುಸ್ತಕ ಸಿಕ್ಕಿದೆ. ಹಳೆಯ ಗ್ರೀಕ್ ಬರಹಗಳನ್ನು ಓದುವ ವಿದ್ವಾಂಸ ರೋಜರ್ ಬ್ಯಾಗ್ನಲ್ ಅದನ್ನು 1997ರಲ್ಲಿ ಪ್ರಕಟಿಸಿದರು. ಗ್ರೀಕ್‌ನಲ್ಲಿ ಬರೆದ ಆ ಲೆಕ್ಕದಲ್ಲಿ ಗೋಧಿ, ಬಾರ್ಲಿ, ಆಲಿವ್, ಅಂಜೂರದ ಜೊತೆ ಹತ್ತಿಯೂ ಬರುತ್ತದೆ. ಹತ್ತಿಗೆ ಅಲ್ಲಿರುವ ಗ್ರೀಕ್ ಹೆಸರಿನ ಅರ್ಥ 'ಮರದ ಉಣ್ಣೆ'.

ನೈಲ್ ಕಣಿವೆಯಲ್ಲಿ ಬೇಸಿಗೆಗೆ ನೆರೆ ಬಂದು ಹೊಲಗಳೆಲ್ಲ ಮುಳುಗುತ್ತಿದ್ದವು. ಹತ್ತಿ ಬೆಳೆಯಬೇಕಾದದ್ದು ಅದೇ ತಿಂಗಳುಗಳಲ್ಲಿ. ಓಯಸಿಸ್‌ಗೆ ನೆರೆಯ ಹಂಗಿಲ್ಲ. ನೆಲದಾಳದಿಂದ ಉಕ್ಕುವ ಬಾವಿಯ ನೀರು ವರ್ಷವಿಡೀ ಇರುತ್ತಿತ್ತು. ಚಳಿಗಾಲದಲ್ಲಿ ಗೋಧಿ, ಬೇಸಿಗೆಯಲ್ಲಿ ಹತ್ತಿ. ಈ ರೈತರು ಎಷ್ಟು ಜಾಣರು ಎಂದು ಅರ್ಥವಾದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಕಾಳು ಅಡುಗೆಮನೆಯ ಮೂಲೆಗೆ ಯಾಕೆ ಬಂತು? ಬಿತ್ತನೆಗೆ ಕಾದಿರಿಸಿದ್ದೇ, ಕತ್ತೆಯ ಮೇವೇ, ಒಲೆಗೆ ಹಾಕಲೆಂದೇ? ಅದಕ್ಕೇ ಈಗ ಒಲೆಯ ಬೂದಿಯನ್ನೂ ಕತ್ತೆ ಲದ್ದಿಯ ಒಣ ಉಂಡೆಗಳನ್ನೂ ಬೇರೆ ಬೇರೆ ಚೀಲದಲ್ಲಿ ತುಂಬಿಸುತ್ತೇನೆ. ಲದ್ದಿಯ ಉಂಡೆಯನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಲು ಒಂದೊಂದಕ್ಕೆ ಅರ್ಧ ದಿನ ಹಿಡಿಯುತ್ತದೆ. ಇದುವರೆಗೆ ಬಿಡಿಸಿದವುಗಳಲ್ಲಿ ಬಾರ್ಲಿ ಹೊಟ್ಟು ಮಾತ್ರ ಸಿಕ್ಕಿದೆ.